ಎರಡು ಸಲ ಗೆದ್ದ ಕಾರು ಎಲ್ಲಿದೆ?

1990ರ ಬೇಸಿಗೆಯಲ್ಲಿ ಲಂಡನ್ನಿನ ಹೈಕೋರ್ಟಿಗೆ ಒಂದು ಕಾರಿನ ವ್ಯಾಜ್ಯ ಬಂತು. ಹಬರ್ಡ್ ಎನ್ನುವವರು ತಮ್ಮ ಹಳೆಯ ಬೆಂಟ್ಲಿಯನ್ನು ಮಿಡಲ್‌ಬ್ರಿಜ್ ಸಿಮಿಟರ್ ಎಂಬ ಕಂಪನಿಗೆ ಮಾರಲು ಅದೇ ಏಪ್ರಿಲ್ ತಿಂಗಳಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಬೆಲೆ ಸುಮಾರು 1 ಕೋಟಿ ಪೌಂಡ್. ಒಪ್ಪಂದವಾದ ಮೇಲೆ ಕೊಳ್ಳುವವರು ಹಿಂದೆ ಸರಿದರು. ಕಾರು ಓಡುವುದಿಲ್ಲವೆಂದೋ, ಕಾಗದಪತ್ರ ಸರಿಯಿಲ್ಲವೆಂದೋ ಅಲ್ಲ. ಇದು ಆ ಕಾರೇ ಅಲ್ಲ ಎಂದರು.

ಆ ಕಾರು ಎಂದರೆ ‘ಓಲ್ಡ್ ನಂಬರ್ ಒನ್’. ಆರೂವರೆ ಲೀಟರ್ ಎಂಜಿನ್ನಿನ ಬೆಂಟ್ಲಿ ಸ್ಪೀಡ್ ಸಿಕ್ಸ್. 1929ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಗಳ ಓಟವನ್ನು ಗೆದ್ದಿತ್ತು. ವುಲ್ಫ್ ಬಾರ್ನಾಟೋ ಮತ್ತು ಟಿಮ್ ಬರ್ಕಿನ್ ಓಡಿಸಿದ್ದರು. ಆ ವರ್ಷ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿಗೇ ಹೋಗಿದ್ದವು. 1930ರಲ್ಲಿ ಅದೇ ಕಾರು ಮತ್ತೆ ಗೆದ್ದಿತು, ಈ ಸಲ ಬಾರ್ನಾಟೋ ಜೊತೆಗಿದ್ದವರು ಗ್ಲೆನ್ ಕಿಡ್ಸ್ಟನ್. ಬಾರ್ನಾಟೋ ಬರೀ ಚಾಲಕನಲ್ಲ, ಬೆಂಟ್ಲಿ ಕಂಪನಿಯ ಅಧ್ಯಕ್ಷ. ಅಪ್ಪ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ವಜ್ರದಿಂದ ಮಾಡಿದ ದುಡ್ಡನ್ನು ಮಗ ಕಾರಿಗೆ ಸುರಿದಿದ್ದ. ಆದರೂ 1931ರಲ್ಲಿ ಕಂಪನಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾಯಿತು. ಇಷ್ಟಕ್ಕೇ ಕತೆ ಮುಗಿದಿದ್ದರೆ ಕೋರ್ಟಿಗೆ ಕೆಲಸವಿರುತ್ತಿರಲಿಲ್ಲ.

ಓಟದ ಕಾರನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಮುರಿದದ್ದನ್ನು ತೆಗೆದು ಹೊಸದು ಹಾಕುತ್ತಾರೆ, ಮುರಿಯದಿದ್ದರೂ ಇನ್ನೂ ವೇಗದ್ದು ಸಿಕ್ಕರೆ ಬದಲಾಯಿಸುತ್ತಾರೆ. ಈ ಕಾರಿಗೂ ಪ್ರತಿ ಋತುವಿಗೆ ಹೀಗೇ ಆಯಿತು. 1931ರಲ್ಲಿ ಬೇರೆಯದೇ ರೂಪ ತಾಳಿ, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ 500 ಮೈಲಿಯ ಓಟ ಗೆದ್ದಿತು. ಓಡಿಸಿದವರು ಜಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್. 1932ಕ್ಕೆ ಆರೂವರೆ ಲೀಟರಿನ ಎಂಜಿನ್ ಹೋಗಿ ಎಂಟು ಲೀಟರಿನದು ಬಂತು. ಆ ಸೆಪ್ಟೆಂಬರಿನಲ್ಲಿ ಅದೇ 500 ಮೈಲಿಯ ಓಟಕ್ಕೆ ಜಾಕ್ ತನ್ನ ತಮ್ಮ ಕ್ಲೈವ್‌ನನ್ನು ಜೊತೆಗೆ ಕರೆದುಕೊಂಡ. ಬ್ರೂಕ್‌ಲ್ಯಾಂಡ್ಸ್ ರಸ್ತೆಯ ತಿರುವುಗಳು ಬಾಣಲೆಯ ಅಂಚಿನಂತೆ ಮೇಲಕ್ಕೇರಿದ ಕಾಂಕ್ರೀಟಿನ ಗೋಡೆಗಳು. ಅಣ್ಣನಿಂದ ಸ್ಟಿಯರಿಂಗ್ ಪಡೆದ ಕ್ಲೈವ್, ಮುಂದಿನವರನ್ನು ದಾಟುವಾಗ ಆ ಅಂಚಿನ ಮೇಲಿನಿಂದಲೇ ಆಚೆಗೆ ಹಾರಿಹೋದ. ಸ್ಥಳದಲ್ಲೇ ಸತ್ತ. ಕಾರು ಮರಗಳ ನಡುವೆ ನುಚ್ಚುನೂರಾಗಿ ಬಿದ್ದಿತ್ತು.

ಆ ಅವಶೇಷವನ್ನು ಬಾರ್ನಾಟೋ ಗುಜರಿಗೆ ಹಾಕಲಿಲ್ಲ. ರಸ್ತೆಯಲ್ಲಿ ಓಡಿಸಲು ಅದನ್ನು ಮುಚ್ಚಿದ ದೇಹದ ಕೂಪೆಯಾಗಿ ಕಟ್ಟಿಸಿಕೊಂಡ. ಆಮೇಲೆ ಕೈಯಿಂದ ಕೈಗೆ ದಾಟಿ, ದಶಕಗಳ ನಂತರ ಹಬರ್ಡ್ ಅವರಿಗೆ ಸಿಕ್ಕಿತು. ಅವರು ಅದಕ್ಕೆ ಓಟದ ಕಾಲದ ರೂಪವನ್ನು ಮತ್ತೆ ಕೊಟ್ಟರು.

ಈಗ ನ್ಯಾಯಮೂರ್ತಿ ಆಟನ್ ಅವರ ಸ್ಥಾನದಲ್ಲಿ ನೀವೇ ಕೂತು ನೋಡಿ. ಎದುರಿಗಿರುವ ಕಾರಿನಲ್ಲಿ 1929ರದ್ದು ಎನ್ನಬಹುದಾದದ್ದು ಬಹುಮಟ್ಟಿಗೆ ಏನೂ ಇಲ್ಲ. 1930ರದ್ದೆಂದು ಉಳಿದಿರುವುದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ ಮತ್ತು ಸ್ಟಿಯರಿಂಗ್ ಕಂಬ ಮಾತ್ರ. ತಜ್ಞರು ಎರಡೂ ಕಡೆ ನಿಂತು ಬೋಲ್ಟು ಬೋಲ್ಟಿಗೂ ಸಾಕ್ಷಿ ನುಡಿದಿದ್ದಾರೆ. ಒಂದು ಕಡೆಯವರು ಇದು ಓಲ್ಡ್ ನಂಬರ್ ಒನ್ ಎನ್ನುತ್ತಾರೆ. ಇನ್ನೊಂದು ಕಡೆಯವರು ಓಲ್ಡ್ ನಂಬರ್ ಒನ್ ಎಂಬುದು 1932ಕ್ಕೇ ಮುಗಿಯಿತು, ಇದು ಅದರ ಹೆಸರಿನಲ್ಲಿ ನಿಂತಿರುವ ಬೇರೊಂದು ವಸ್ತು ಎನ್ನುತ್ತಾರೆ.

ಆಟನ್ ಮಾಡಿದ ಕೆಲಸ ನನ್ನಂಥ ಅನುವಾದಕರಿಗೆ ಬಹಳ ಪರಿಚಿತವಾದದ್ದು. ಅವರು ಪದಗಳನ್ನು ಬೇರ್ಪಡಿಸಿದರು. ಈ ಕಾರನ್ನು ‘ಒರಿಜಿನಲ್’ ಎನ್ನಲಾಗದು ಎಂದರು. ಆದರೆ ಇದು ನಕಲೂ ಅಲ್ಲ, ಸತ್ತು ಎದ್ದದ್ದೂ ಅಲ್ಲ, ಹೊಸದಾಗಿ ಕಟ್ಟಿದ್ದೂ ಅಲ್ಲ. ಇದು ‘ಅಥೆಂಟಿಕ್’. ಅವರ ವಾದದ ತಿರುಳು ಇಷ್ಟು: ಯಾವ ಹಂತದಲ್ಲಿ ನೋಡಿದರೂ ಹೊಸದಾಗಿ ಬಂದ ಭಾಗಗಳು ಆಗಿದ್ದ ಇಡೀ ಕಾರಿನೊಳಗೆ ಬೆರೆತುಹೋದವು; ಕಾರು ತನ್ನ ಗುರುತನ್ನು ಕಳೆದುಕೊಂಡ ಕ್ಷಣವೊಂದನ್ನು ತೋರಿಸಲಾಗದು. ಆ ಹೆಸರಿಗೆ ಹಕ್ಕುದಾರನಾಗಬಲ್ಲ ಬೇರೆ ಬೆಂಟ್ಲಿ ಜಗತ್ತಿನಲ್ಲಿ ಇಲ್ಲ. ಮಾರಾಟಕ್ಕಿದ್ದದ್ದು ಬರೀ ಲೋಹವಲ್ಲ, ಅದರ ಇತಿಹಾಸ ಮತ್ತು ಕೀರ್ತಿ ಕೂಡ. ಒಪ್ಪಂದ ಊರ್ಜಿತವಾಯಿತು.

ಈ ತೀರ್ಪಿನ ಸಾರಾಂಶವನ್ನು ಕನ್ನಡಕ್ಕೆ ತರಲು ಕೂತಾಗಲೇ ನಾನು ಸಿಕ್ಕಿಹಾಕಿಕೊಂಡದ್ದು. ‘ಒರಿಜಿನಲ್’ ಅಂದರೆ ಏನು ಬರೆಯಲಿ? ‘ಮೂಲ’ ಅನ್ನಬಹುದು, ‘ಅಸಲಿ’ ಅನ್ನಬಹುದು. ಮೂಲ ಸಂಸ್ಕೃತದ್ದು, ಅಸಲು ಅರಬ್ಬಿಯದು. ಎರಡೂ ಭಾಷೆಗಳಲ್ಲಿ ಅದರ ಮೊದಲ ಅರ್ಥ ಬೇರು. ‘ಅಥೆಂಟಿಕ್’ಗೆ ಬೇರಿನ ಗೊಡವೆಯಿಲ್ಲ. ಅದು ಹುಟ್ಟಿದ ಗ್ರೀಕ್ ಪದದಲ್ಲಿರುವುದು ಅಧಿಕಾರ: ತನ್ನ ಅಧಿಕಾರದಿಂದ ಮಾಡುವವನು. ಯಾರೋ ಒಬ್ಬರು ಮುಂದೆ ಬಂದು ‘ಹೌದು, ಇದೇ’ ಎಂದು ಹೊಣೆ ಹೊತ್ತಾಗ ವಸ್ತು ಅಥೆಂಟಿಕ್ ಆಗುತ್ತದೆ. ‘ಅಧಿಕೃತ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಸರ್ಕಾರಿ ಮೊಹರಿನ ವಾಸನೆ ಜಾಸ್ತಿ. ‘ಅಪ್ಪಟ’ ಅಂದರೆ ಬೆರಕೆಯಿಲ್ಲದ್ದು, ಈ ಬೆಂಟ್ಲಿಗೆ ಅದು ಖಂಡಿತ ಹೊಂದುವುದಿಲ್ಲ.

ಇದಕ್ಕಿಂತ ಮಜವಾದದ್ದು ನಮ್ಮ ಬಜಾರಿನ ‘ಒರಿಜಿನಲ್’. ಬೆಂಗಳೂರಿನ ಜೆ.ಸಿ. ರೋಡಿನಲ್ಲೋ, ದಿಲ್ಲಿಯ ಕಶ್ಮೀರಿ ಗೇಟಿನಲ್ಲೋ ಬಿಡಿಭಾಗದ ಅಂಗಡಿಗೆ ಹೋಗಿ ಒರಿಜಿನಲ್ ಕೊಡಿ ಎಂದರೆ ಕಂಪನಿಯ ಮೊಹರಿರುವ ಹೊಚ್ಚಹೊಸ ಭಾಗ ಕೊಡುತ್ತಾರೆ. ಅದರ ಎದುರು ಪದ ‘ಡೂಪ್ಲಿಕೇಟ್’. ಹಳೇ ಕಾರುಗಳ ಸಂಗ್ರಾಹಕರ ಬಾಯಲ್ಲಿ ಒರಿಜಿನಲ್ ಎಂದರೆ ಆ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಅದರಲ್ಲೇ ಇದ್ದ, ತುಕ್ಕು ಹಿಡಿದಿದ್ದರೂ ಪರವಾಗಿಲ್ಲ ಎನ್ನುವ ಅದೇ ಭಾಗ. ಇವರಿಗೆ ಅಂಗಡಿಯವನು ಕೊಡುವ ಒರಿಜಿನಲ್ಲೇ ಡೂಪ್ಲಿಕೇಟ್. ಒಂದೇ ಪದವನ್ನು ಹಿಡಿದುಕೊಂಡು ಇಬ್ಬರೂ ಎದುರು ಬದುರು ದಿಕ್ಕಿಗೆ ನಡೆಯುತ್ತಾರೆ.

ಇಂಥ ಚರ್ಚೆ ಬಂದಾಗೆಲ್ಲ ಗ್ರೀಸಿನ ಥೀಸಿಯಸ್‌ನ ಹಡಗಿನ ಪ್ರಸ್ತಾಪ ಆಗುತ್ತದೆ. ಹಲಗೆ ಕೊಳೆತಂತೆ ಬದಲಾಯಿಸುತ್ತ ಹೋದರೆ ಅದೇ ಹಡಗೇ ಎಂಬ ಪ್ರಶ್ನೆಯನ್ನು ಪ್ಲೂಟಾರ್ಕ್ ದಾಖಲಿಸಿದ್ದಾನೆ. ನನಗೆ ಮಾತ್ರ ಈ ತೀರ್ಪನ್ನು ಓದುವಾಗ ನೆನಪಾದದ್ದು ನಾಗಸೇನನ ರಥ. ‘ಮಿಲಿಂದಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ಇಂಡೋ ಗ್ರೀಕ್ ದೊರೆ ಮಿಲಿಂದ, ಅಂದರೆ ಮೆನಾಂಡರ್, ರಥದಲ್ಲಿ ಬಂದಿರುತ್ತಾನೆ. ಬೌದ್ಧ ಭಿಕ್ಷು ನಾಗಸೇನ ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಕೇಳುತ್ತ ಹೋಗುತ್ತಾನೆ. ಯಾವುದೂ ಅಲ್ಲ. ಎಲ್ಲವನ್ನೂ ಬಿಟ್ಟು ಬೇರೇನಾದರೂ ರಥವೇ? ಅದೂ ಅಲ್ಲ. ಈ ಭಾಗಗಳನ್ನು ಅವಲಂಬಿಸಿ ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ರಥ ಎಂದು ಕೊನೆಗೆ ದೊರೆಯೇ ಒಪ್ಪುತ್ತಾನೆ. ಅದೇ ಗ್ರಂಥದಲ್ಲಿ ಇರುಳೆಲ್ಲ ಉರಿಯುವ ದೀಪದ ಮಾತು ಬರುತ್ತದೆ. ಮೊದಲ ಜಾವದ ಜ್ವಾಲೆ ಮತ್ತು ಕೊನೆಯ ಜಾವದ ಜ್ವಾಲೆ ಒಂದೇ ಅಲ್ಲ, ಬೇರೆಯೂ ಅಲ್ಲ. ಆಟನ್ ಹೇಳಿದ್ದು ಬಹುತೇಕ ಇದನ್ನೇ. ನಡುವೆ ದೀಪ ಆರಿತ್ತೇ ಎಂಬುದಷ್ಟೇ ಅವರ ಪ್ರಶ್ನೆ. ಕ್ಲೈವ್ ಸತ್ತ ಸಂಜೆಯೂ ಆರಲಿಲ್ಲ ಎಂಬುದು ಅವರ ಉತ್ತರ. ಇಲ್ಲಿ ಮಾತ್ರ ನನಗೆ ಸ್ವಲ್ಪ ಅನುಮಾನ ಉಳಿದಿದೆ. ಓಟದ ಕಾರು ಚೂರಾಗಿ, ಮುಚ್ಚಿದ ಕೂಪೆಯಾಗಿ, ದಶಕಗಳ ನಂತರ ಮತ್ತೆ ಓಟದ ವೇಷ ತೊಟ್ಟದ್ದನ್ನು ಒಂದೇ ಜ್ವಾಲೆ ಎನ್ನಲು ಬಹಳ ಉದಾರವಾದ ಕಣ್ಣು ಬೇಕು.

ಹದಿನೇಳನೇ ಶತಮಾನದಲ್ಲಿ ಥಾಮಸ್ ಹಾಬ್ಸ್ ಥೀಸಿಯಸ್‌ನ ಹಡಗಿನ ಕತೆಗೆ ಒಂದು ಕೊಂಡಿ ಸೇರಿಸಿದ. ಬಿಚ್ಚಿ ಎಸೆದ ಹಳೆಯ ಹಲಗೆಗಳನ್ನು ಯಾರೋ ಒಬ್ಬ ಆಯ್ದಿಟ್ಟುಕೊಂಡು, ಅವನ್ನೇ ಜೋಡಿಸಿ ಎರಡನೆಯ ಹಡಗು ಕಟ್ಟಿದರೆ? ತತ್ವಶಾಸ್ತ್ರದ ತರಗತಿಯಲ್ಲಿ ಇದು ತಮಾಷೆಯ ಪ್ರಶ್ನೆ. ಹಳೇ ಫೆರಾರಿಗಳ ಲೋಕದಲ್ಲಿ ಇದು ನಿಜವಾಗಿ ನಡೆದಿದೆ, ವಕೀಲರ ಸಮೇತ.

ಫೆರಾರಿ 375 ಪ್ಲಸ್, ಚಾಸಿ ಸಂಖ್ಯೆ 0384 ಎಎಮ್. 1954ರಲ್ಲಿ ಕಾರ್ಖಾನೆಯ ತಂಡಕ್ಕೆ ಓಡಿ, ಆಮೇಲೆ ಅಮೆರಿಕಕ್ಕೆ ಮಾರಾಟವಾಯಿತು. 1958ರಲ್ಲಿ ಓಹಾಯೋದ ಒಬ್ಬರು ಕೊಂಡು, ಅದನ್ನು ಮನೆಯ ಬಳಿ ಬಿಡಿಬಿಡಿಯಾಗಿ ಇಟ್ಟಿದ್ದರು. 1980ರ ದಶಕದಲ್ಲಿ ಅಲ್ಲಿಂದ ಅದು ಕಳುವಾಯಿತು. ಕೆಲವು ಮೂಲ ಭಾಗಗಳು ಮಾತ್ರ ಓಹಾಯೋದಲ್ಲೇ ಉಳಿದವು. ಕದ್ದ ಕಾರು ಬೆಲ್ಜಿಯಂ ತಲುಪಿತು. ಅಲ್ಲಿ ಹೆಸರಾಂತ ಫೆರಾರಿ ವ್ಯಾಪಾರಿ ಝಾಕ್ ಸ್ವಾಟರ್ಸ್ ಅದನ್ನು ಕೊಂಡು, ಇಲ್ಲದ ಭಾಗಗಳನ್ನು ಹೊಸದಾಗಿ ಮಾಡಿಸಿ, ಓಡುವ ಕಾರಾಗಿ ಕಟ್ಟಿಸಿದರು. ಒಂದು ಖಂಡದಲ್ಲಿ ನುಣುಪಾದ ಕೆಂಪು ಕಾರು, ಇನ್ನೊಂದು ಖಂಡದಲ್ಲಿ ಅದೇ ಸಂಖ್ಯೆಗೆ ಹಕ್ಕು ಸಾಧಿಸುವ ಹಳೆಯ ಲೋಹ. ಎರಡೂ ಕುಟುಂಬಗಳ ಜಗಳ ವರ್ಷಗಟ್ಟಲೆ ನಡೆದು, ಕೊನೆಗೆ ರಾಜಿಯಾಗಿ, ಎರಡೂ ಕಡೆಯದನ್ನು ಒಟ್ಟುಗೂಡಿಸಿ 2014ರ ಜೂನ್‌ನಲ್ಲಿ ಬೋನಮ್ಸ್ ಸಂಸ್ಥೆ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹರಾಜು ಹಾಕಿತು. 1 ಕೋಟಿ 7 ಲಕ್ಷ ಪೌಂಡಿಗೆ ಹೋಯಿತು. ಹರಾಜಾದ ಮೇಲೂ ಮೊಕದ್ದಮೆಗಳು ನಿಲ್ಲಲಿಲ್ಲ.

ಇಂಥ ಬೆಲೆಗಳು ಒಂದು ಹೊಸ ವ್ಯಾಪಾರವನ್ನೇ ಹುಟ್ಟಿಸಿವೆ. 2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಆರ್‌ಎಮ್ ಸದಬೀಸ್ ಸಂಸ್ಥೆ 1954ರ ಫೆರಾರಿ 500 ಮೊಂಡಿಯಾಲ್ ಒಂದನ್ನು ಮಾರಿತು. ಚಿತ್ರ ನೋಡಿದವರಿಗೆ ಗೊತ್ತು, ಅದು ಕಾರಿನ ಆಕಾರದಲ್ಲೂ ಇರಲಿಲ್ಲ. 1960ರ ದಶಕದಲ್ಲಿ ಅಪಘಾತವಾಗಿ ಸುಟ್ಟುಹೋಗಿ, ಹಿಂಡಿ ಒಗೆದ ಬಟ್ಟೆಯಂತೆ ಮುದುಡಿದ ಅಲ್ಯೂಮಿನಿಯಂ ಮತ್ತು ತುಕ್ಕು. ಅದರದ್ದೇ ಎಂಜಿನ್ ಕೂಡ ಇರಲಿಲ್ಲ. ಇನ್ನೊಂದು ಮಾದರಿಯ ಎಂಜಿನ್ನನ್ನು ಜೊತೆಗೆ ಇಟ್ಟಿದ್ದರು. ಬೆಲೆ 18 ಲಕ್ಷ 75 ಸಾವಿರ ಡಾಲರ್. ಕೊಂಡವರು ಕೊಂಡದ್ದು ಚಾಸಿಯ ಮೇಲೆ ಗುದ್ದಿದ ಸಂಖ್ಯೆಯನ್ನು, ಆ ಸಂಖ್ಯೆಯ ಜೊತೆಗೆ ಬರುವ ಹಕ್ಕನ್ನು. ಅದೇ ಅಳತೆಯ, ಅದೇ ಲೋಹದ, ಅಷ್ಟೇ ನುರಿತ ಕೈಗಳ ಕಾರನ್ನು ಸಂಖ್ಯೆಯಿಲ್ಲದೆ ಕಟ್ಟಿದರೆ ಅದು ಪ್ರತಿಕೃತಿ. ಈ ಮುದ್ದೆಯಿಂದ ಒಂದು ಹಿಡಿ ಲೋಹ ತೆಗೆದು ಅದರ ಸುತ್ತ ಕಟ್ಟಿದರೆ ಅದು ಫೆರಾರಿ.

ಹಾಗೆಂದು ಎಲ್ಲ ಪುನರ್ನಿರ್ಮಾಣವೂ ಸಂಖ್ಯೆಯ ಆಟ ಅಲ್ಲ. 1964ರ ಅಕ್ಟೋಬರಿನಲ್ಲಿ ಪ್ಯಾರಿಸ್ ಹತ್ತಿರದ ಮಾಂಟ್ಲೆರಿ ಟ್ರ್ಯಾಕಿನಲ್ಲಿ ಜರ್ಮನ್ ಚಾಲಕ ಪೀಟರ್ ಲಿಂಡ್ನರ್ ತನ್ನ ಜಾಗ್ವಾರ್ ಇ-ಟೈಪ್ ಲೈಟ್‌ವೇಟ್ ಓಡಿಸುವಾಗ ನಿಯಂತ್ರಣ ತಪ್ಪಿ, ತಾನೂ ಸತ್ತು ಇತರರ ಸಾವಿಗೂ ಕಾರಣನಾದ. ಬೆಂಟ್ಲಿಗೂ ಈ ಜಾಗ್ವಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಂಟ್ಲಿಯಲ್ಲಿ ಏಣಿಯಂಥ ಚೌಕಟ್ಟು ಬೇರೆ, ಮೇಲಿನ ದೇಹ ಬೇರೆ. ಅಂಗಿ ಬದಲಾಯಿಸಿದಂತೆ ದೇಹ ಬದಲಾಯಿಸಬಹುದು. ಇ-ಟೈಪಿನ ನಡುಭಾಗದಲ್ಲಿ ತಗಡೇ ಎಲುಬು. ಲಿಂಡ್ನರ್‌ನ ಕಾರಿನಿಂದ ಉಳಿದ ಯಂತ್ರಭಾಗಗಳನ್ನು ಮೊದಲು ಹೊಸ ತಗಡಿನ ದೇಹಕ್ಕೆ ಜೋಡಿಸಿ ಒಂದು ಕಾರು ಮಾಡಿದ್ದರು. ನಂತರದ ಮಾಲೀಕರಿಗೆ ಅದು ಒಪ್ಪಿಗೆಯಾಗಲಿಲ್ಲ. ಜಜ್ಜಿಹೋಗಿದ್ದ ಮೂಲ ದೇಹವನ್ನೇ ಹೊರತೆಗೆದು, ಮಡಿಕೆ ಮಡಿಕೆಯನ್ನೂ ಬಿಡಿಸಿ, ತಟ್ಟಿ, ಬೆಸೆದು ಮತ್ತೆ ನಿಲ್ಲಿಸಿದರು. ಸುಮಾರು 7,000 ಗಂಟೆಗಳ ಕೆಲಸ. ಹೊಸ ತಗಡಿನಲ್ಲಿ ಅದರ ಸಣ್ಣ ಪಾಲಿನ ಸಮಯಕ್ಕೆ ಮುಗಿಯುತ್ತಿತ್ತು, ನೋಡುವವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಮ್ಮ ಕಡೆ ಹಳೇ ದೇವಸ್ಥಾನವನ್ನು ಕೆಡವಿ ಗ್ರಾನೈಟ್ ಹಾಕಿಸುವುದಕ್ಕೂ ಜೀರ್ಣೋದ್ಧಾರ ಎನ್ನುತ್ತೇವಲ್ಲ, ಆ ಪದಕ್ಕೆ ಅರ್ಹವಾದ ಕೆಲಸ ಇದು ಅನ್ನಿಸಿತು ನನಗೆ.

ನಟ ರೋವನ್ ಅಟ್ಕಿನ್ಸನ್ ಅವರ ಮೆಕ್‌ಲಾರೆನ್ ಎಫ್1 ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1997ರಲ್ಲಿ 6 ಲಕ್ಷ 40 ಸಾವಿರ ಪೌಂಡಿಗೆ ಕೊಂಡಿದ್ದರು. 2011ರಲ್ಲಿ ಪೀಟರ್‌ಬರೋ ಹತ್ತಿರ ಮರಕ್ಕೆ ಗುದ್ದಿ ಹೊತ್ತಿಕೊಂಡಿತು. ವಿಮಾ ಕಂಪನಿ ದುರಸ್ತಿಗೆಂದೇ 9 ಲಕ್ಷ 10 ಸಾವಿರ ಪೌಂಡ್ ಕೊಟ್ಟಿತು. ಕೆಲಸಕ್ಕೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. 2015ರಲ್ಲಿ ಅದು ಮಾರಾಟವಾದದ್ದು 80 ಲಕ್ಷ ಪೌಂಡಿಗೆ. ಇದನ್ನು ಎಲ್ಲರೂ ಅದೃಷ್ಟದ ಕತೆಯಂತೆ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಬರೀ ಲೆಕ್ಕ. ನಮ್ಮ ದೇಶದ ವಿಮಾ ನಿಯಮದಲ್ಲಿ, ದುರಸ್ತಿಯ ಖರ್ಚು ಕಾರಿನ ವಿಮಾ ಮೌಲ್ಯದ 75 ಶೇಕಡಾ ದಾಟಿದರೆ ಅದು ‘ಟೋಟಲ್ ಲಾಸ್’. ಎಂಟು ವರ್ಷದ ಹ್ಯಾಚ್‌ಬ್ಯಾಕ್ ಒಂದರ ಮೂತಿ ಜಜ್ಜಿ ಎರಡು ಏರ್‌ಬ್ಯಾಗ್ ಬಿಚ್ಚಿಕೊಂಡರೆ ಸಾಕು, ಕಾರು ಕಾಗದದ ಮೇಲೆ ಸತ್ತಿತು. ಬೆಂಕಿ ಬಿದ್ದ ಮೆಕ್‌ಲಾರೆನ್ ಸಾಯುವುದಿಲ್ಲ, ಯಾಕೆಂದರೆ ಛೇದದಲ್ಲಿರುವ ಸಂಖ್ಯೆ ದೊಡ್ಡದು.

ಕಾಗದದ ಮೇಲೆ ಸತ್ತ ಕಾರುಗಳೆಲ್ಲ ಎಲ್ಲಿಗೆ ಹೋಗುತ್ತವೆ? ಒಂದು ಪಾಲು ನಿಜಕ್ಕೂ ಗುಜರಿಗೆ. ಇನ್ನೊಂದು ಪಾಲು ಹರಾಜಿನಲ್ಲಿ ಹೋಗಿ, ರಿಪೇರಿಯಾಗಿ, ಬೇರೆ ಊರಿನ ರಸ್ತೆಗೆ ಬರುತ್ತದೆ. 2015ರ ಪ್ರವಾಹದ ನಂತರ ಚೆನ್ನೈನಲ್ಲಿದ್ದವರಿಗೆ, ನೀರು ಕುಡಿದ ಕಾರುಗಳು ಹೇಗೆ ಹೊಳೆಯುತ್ತ ಮಾರುಕಟ್ಟೆಗೆ ಬಂದವೆಂದು ನಾನು ಹೇಳಬೇಕಿಲ್ಲ. ಮೂರನೆಯ ಪಾಲು ಅತ್ಯಂತ ಕರಾಳ. ಟೋಟಲ್ ಲಾಸ್ ಆದ ಕಾರಿನ ಆರ್‌ಸಿ ಮತ್ತು ಚಾಸಿ ಸಂಖ್ಯೆಯನ್ನು ಕೊಂಡು, ಅದೇ ಮಾದರಿಯ, ಅದೇ ಬಣ್ಣದ ಕಾರನ್ನು ಕದ್ದು, ಸಂಖ್ಯೆಯನ್ನು ಅದರ ಮೇಲೆ ಗುದ್ದಿ ಮಾರುವ ಜಾಲಗಳನ್ನು ಪೊಲೀಸರು ಮತ್ತೆ ಮತ್ತೆ ಹಿಡಿಯುತ್ತಲೇ ಇದ್ದಾರೆ. ಮಾಂಟೆರೇಯಲ್ಲಿ ಸುಟ್ಟ ಮುದ್ದೆಯ ಸಂಖ್ಯೆಯನ್ನು ಬಹಿರಂಗವಾಗಿ ಕೊಂಡವರು ಕಳ್ಳರಲ್ಲ, ಅವರು ಯಾರ ಕಾರನ್ನೂ ಕದಿಯುವುದಿಲ್ಲ. ಆ ವ್ಯತ್ಯಾಸ ದೊಡ್ಡದು. ಆದರೆ ಗುರುತು ಲೋಹದಲ್ಲಿಲ್ಲ, ಸಂಖ್ಯೆಯಲ್ಲಿದೆ ಎಂಬ ನಂಬಿಕೆಯ ಮೇಲೆಯೇ ಎರಡೂ ವ್ಯಾಪಾರ ನಿಂತಿವೆ.

ಇದರ ಬಗ್ಗೆ ನನಗೆ ಇಷ್ಟು ಆಸಕ್ತಿ ಯಾಕೆ ಎಂದರೆ, ನಾಲ್ಕು ವರ್ಷದ ಹಿಂದೆ ಪುಣೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಮಾರಿದಾತ ಮೂರು ಸಲ ಹೇಳಿದ್ದ: ಆಕ್ಸಿಡೆಂಟ್ ಆಗಿಲ್ಲ, ಎಲ್ಲಾ ಒರಿಜಿನಲ್. ಆರು ತಿಂಗಳ ಮೇಲೆ ಬೇರೆ ಯಾವುದೋ ಸದ್ದಿಗೆಂದು ಮೆಕ್ಯಾನಿಕ್ ಬಳಿ ಹೋದಾಗ ಆತ ಬಾಗಿಲಿನ ರಬ್ಬರ್ ಕಿತ್ತು ಕಂಬದ ಬೆಸುಗೆ ತೋರಿಸಿದ. ಕಾರ್ಖಾನೆಯ ಬೆಸುಗೆ ಬಿಲ್ಲೆ ಬಿಲ್ಲೆಯಾಗಿ, ಸಮದೂರದಲ್ಲಿ ಇರುತ್ತದೆ. ಇದು ಗಾಯಕ್ಕೆ ಹಾಕಿದ ಹೊಲಿಗೆಯಂತಿತ್ತು. ಬಣ್ಣದ ದಪ್ಪ ಅಳೆಯುವ ಉಪಕರಣ ಹಿಡಿದ. ಬಲಭಾಗದಲ್ಲಿ ನೂರರ ಆಸುಪಾಸು ಮೈಕ್ರಾನ್, ಎಡಭಾಗದಲ್ಲಿ ಅದರ ಆರೇಳು ಪಟ್ಟು, ಅಂದರೆ ಬಣ್ಣದಡಿಯಲ್ಲಿ ಪುಟ್ಟಿ. ಈಗಿನ ಕಾರಿನ ಮೂತಿ ಒಂದು ಲೆಕ್ಕದಲ್ಲಿ ಮಡಚಿಕೊಂಡು ಪೆಟ್ಟನ್ನು ನುಂಗುವಂತೆ, ಕಂಬಗಳು ಮಡಚದೆ ಗಟ್ಟಿಯಾಗಿ ನಿಲ್ಲುವಂತೆ ಮಾಡಿದವು. ಒಮ್ಮೆ ಮಡಚಿದ್ದನ್ನು ಎಳೆದು ನೆಟ್ಟಗೆ ಮಾಡಿದರೆ ಎರಡನೇ ಸಲ ಅದು ಆ ಲೆಕ್ಕವನ್ನು ಪಾಲಿಸುತ್ತದೆಂಬ ಖಾತ್ರಿಯಿಲ್ಲ. ಆ ಆರು ತಿಂಗಳೂ ಹಿಂದಿನ ಸೀಟಿನಲ್ಲಿ, ಎಡಗಡೆ, ನನ್ನ ಅಮ್ಮ ಕೂತಿರುತ್ತಿದ್ದರು.

ಮಾರಿದವನಿಗೆ ಫೋನ್ ಮಾಡಿದೆ. ‘ಮೇಡಂ, ಪಾರ್ಟ್ಸ್ ಎಲ್ಲಾ ಒರಿಜಿನಲ್ಲೇ ಹಾಕ್ಸಿದ್ದು’ ಎಂದ. ಅವನ ಭಾಷೆಯಲ್ಲಿ ಅದು ಸುಳ್ಳಾಗಿರಲಿಲ್ಲ. ನನಗೆ ಭಾಷಾಶಾಸ್ತ್ರದ ಡಿಗ್ರಿ ಇದ್ದೂ ಏನು ಪ್ರಯೋಜನವಾಯಿತು ಹೇಳಿ. ಕಾರನ್ನು ಕೊನೆಗೆ ಇರುವ ವಿಷಯವನ್ನೆಲ್ಲ ಹೇಳಿಯೇ ಮಾರಿದೆ. ಸಾಕಷ್ಟು ದುಡ್ಡು ಹೋಯಿತು.

ಹಾಗಾಗಿ ಆಟನ್ ಅವರ ತೀರ್ಪಿನಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಅವರು ಒಪ್ಪಿದ ಪದವಲ್ಲ, ನಿರಾಕರಿಸಿದ ಪದ. ಕಾರು ಅದೇ ಎಂದು ಹೇಳುವಾಗಲೂ ‘ಒರಿಜಿನಲ್’ ಎನ್ನಲು ಅವರು ಬಿಡಲಿಲ್ಲ. ಅಥೆಂಟಿಕ್ ಎನ್ನುವುದಕ್ಕೆ ಅವರಿಗೆ ಆಧಾರವಾದದ್ದು ದಾಖಲೆ: ಯಾವ ವರ್ಷ ಏನು ತೆಗೆದರು, ಏನು ಹಾಕಿದರು, ಎಲ್ಲಿ ಬಿತ್ತು, ಯಾರು ಕಟ್ಟಿದರು ಎಂಬುದನ್ನು ಕೋರ್ಟು ಸಾಲು ಸಾಲಾಗಿ ಬರೆಸಿಕೊಂಡಿತು. ಇಂಥ ಕಾರಿಗೆ ಕೋಟಿ ಪೌಂಡ್ ಕೊಡುವುದು ಸರಿಯೇ ಎಂದು ನನ್ನನ್ನು ಕೇಳಬೇಡಿ. ಕೊಡುವವರು ತಾವು ಏನನ್ನು ಕೊಳ್ಳುತ್ತಿದ್ದೇವೆಂದು ಓದಿ ತಿಳಿಯಬಹುದಿತ್ತು. ನನಗೆ ಆ ಅವಕಾಶ ಇರಲಿಲ್ಲ, ಅಷ್ಟೇ.

ಯಾರೂ ಮತ್ತೆ ಕಟ್ಟದೇ ಬಿಟ್ಟ ಕಾರೂ ಒಂದಿದೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ನಡುವಿನ ಮಜೋರೆ ಸರೋವರದ ದಡಕ್ಕೆ 1930ರ ದಶಕದಲ್ಲಿ ಒಂದು ಬುಗಾಟಿ ಬ್ರೆಸ್ಚಿಯಾ ಬಂದು ಸೇರಿತ್ತು. ಸುಂಕ ಕಟ್ಟಿರಲಿಲ್ಲವೆಂದು ಅಧಿಕಾರಿಗಳು ಅದನ್ನು ಸರಪಳಿಗೆ ಕಟ್ಟಿ ನೀರಿಗೆ ಇಳಿಸಿದರು. ಸರಪಳಿ ತುಕ್ಕು ಹಿಡಿದು ತುಂಡಾಗಿ ಕಾರು 50 ಮೀಟರಿಗೂ ಕೆಳಗೆ ತಳ ಸೇರಿತು. 1967ರಲ್ಲಿ ಒಬ್ಬ ಮುಳುಗುಗಾರ ಅದನ್ನು ಕಂಡುಹಿಡಿದ. ಆಮೇಲೆ ದಶಕಗಳ ಕಾಲ ಊರಿನ ಮುಳುಗುಗಾರರು ಅದನ್ನು ನೋಡಿ ಬರುತ್ತಿದ್ದರು. 2008ರಲ್ಲಿ ಅವರಲ್ಲೇ ಒಬ್ಬರ ಮಗ, ಡಮಿಯಾನೋ ತಮಾಂಯಿ, ಬೀದಿಯಲ್ಲಿ ಹೊಡೆತಕ್ಕೆ ಸಿಕ್ಕಿ ಸತ್ತ. ಅವನ ಹೆಸರಿನಲ್ಲಿ ಯುವಕರ ಹಿಂಸೆಯ ವಿರುದ್ಧ ಕೆಲಸ ಮಾಡುವ ಪ್ರತಿಷ್ಠಾನಕ್ಕೆ ಹಣ ಕೂಡಿಸಲೆಂದು 2009ರ ಜುಲೈನಲ್ಲಿ ಕಾರನ್ನು ಮೇಲೆತ್ತಿದರು. ಒಂದು ಪಕ್ಕ ತಿಂದುಹೋಗಿತ್ತು. ಮಣ್ಣಿನಲ್ಲಿ ಹೂತಿದ್ದ ಇನ್ನೊಂದು ಪಕ್ಕ ಉಳಿದಿತ್ತು. 2010ರ ಜನವರಿಯಲ್ಲಿ ಪ್ಯಾರಿಸಿನ ಹರಾಜಿನಲ್ಲಿ 2 ಲಕ್ಷ 60 ಸಾವಿರದ 500 ಯೂರೋಗಳಿಗೆ ಅಮೆರಿಕದ ಪೀಟರ್ ಮಲಿನ್ ಅದನ್ನು ಕೊಂಡರು. ಬುಗಾಟಿಗಳನ್ನು ಕಟ್ಟಿ ನಿಲ್ಲಿಸಬಲ್ಲ ದುಡ್ಡು, ಕೈಗಳು ಎರಡೂ ಅವರ ಬಳಿ ಇದ್ದವು. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿದ್ದ ತಮ್ಮ ಮ್ಯೂಸಿಯಮ್ಮಿನಲ್ಲಿ, ಸರೋವರದಿಂದ ಎತ್ತಿದ ಹಾಗೆಯೇ, ಒಂದು ಸ್ಕ್ರೂ ಕೂಡ ಬದಲಾಯಿಸದೆ ಅದನ್ನು ಇಟ್ಟರು.